ಹೊಲದೊಳಗಿನ ಹಿರಿಯರು



ದತ್ತಿ ಉಪನ್ಯಾಸವೆಂದರೆ ವಚನ, ಕೀರ್ತನೆ, ಕುಮಾರವ್ಯಾಸ, ಇಲ್ಲವೇ ಕನ್ನಡದ ಅಳಿವು ಉಳಿವು ಎಂಬ ರೂಢಿ ನಮ್ಮಲ್ಲಿ ಬೆಳೆದುಬಂದಿದೆ. ನಾನು ವಿಷಯ ಹೇಳಿದಾಗ ಸಂಘಟಕರು ಸ್ವಲ್ಪ ಹಿಂದೆ ಮುಂದೆ ನೋಡಿದರು. "ಸಾರ್, ತುಂಬಿದ ಸಭೆಯಲ್ಲಿ ಸಮಾಧಿ ಮಾತು..." ಎಂದು ಎಳೆದರು. ಆದರೆ ಈ ದತ್ತಿ ಇರುವುದೇ ತೀರಿಹೋದ ಇಬ್ಬರ ಹೆಸರಿನಲ್ಲಿ. ಮಕ್ಕಳು ಬ್ಯಾಂಕಿನಲ್ಲಿ ಹಣ ಇಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಅಪ್ಪ ಅಮ್ಮನ ಹೆಸರು ಸಭೆಯಲ್ಲಿ ಕೇಳಿಬರುವಂತೆ ಮಾಡಿದ್ದಾರೆ. ಹೆಸರು ಉಳಿಸಲು ಇಟ್ಟ ದುಡ್ಡಿನಲ್ಲಿ ಹೆಸರು ಉಳಿಯದವರ ಬಗ್ಗೆ ಮಾತಾಡಿದರೆ ಅಪಶಕುನವೇನೂ ಆಗದು ಎಂದು ವಾದಿಸಿದೆ. ಒಪ್ಪಿದರು, ಅದಕ್ಕೆ ಕೃತಜ್ಞ.

ನಾನು ಹೇಳಹೊರಟಿರುವುದು ಊರ ಹೊರಗಿನ ರುದ್ರಭೂಮಿಯ ವಿಷಯವಲ್ಲ. ಸ್ವಂತ ಹೊಲದ ಮೂಲೆಯಲ್ಲಿ, ತೋಟದ ಬದುವಿನಲ್ಲಿ, ಹುಣಸೆಮರದ ಕೆಳಗೆ ಮನೆಯವರನ್ನೇ ಮಣ್ಣು ಮಾಡಿಕೊಂಡು ಬಂದ ಜಾಗಗಳ ವಿಷಯ. ತುಮಕೂರು, ಹಾಸನ, ಮಂಡ್ಯ, ಚಿತ್ರದುರ್ಗದ ಕಡೆ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದವರಿಗೆಲ್ಲ ಇವು ಗೊತ್ತು. ರಾಗಿ ಹೊಲದ ನಡುವೆ ಸುಣ್ಣ ಬಳಿದ ಒಂದು ಕಟ್ಟೆ, ಅದರ ಮೇಲೊಂದು ಪುಟ್ಟ ಬಸವ, ಪಕ್ಕದಲ್ಲಿ ಕಾಡುಕಲ್ಲು ನೆಟ್ಟ ನಾಲ್ಕಾರು ದಿಬ್ಬ, ಒಂದು ಕಣಗಿಲೆ ಗಿಡ. ಲಿಂಗಾಯತರಲ್ಲಿ ಲಿಂಗೈಕ್ಯರಾದವರನ್ನು ಕೂರಿಸಿ, ಕೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಪತ್ರೆ ತುಂಬಿ ಮಣ್ಣು ಮಾಡುವುದರಿಂದ ಮೇಲಿನ ಕಟ್ಟೆ ಚೌಕವಾಗಿರುವುದುಂಟು. ಮಲಗಿಸಿ ಮಣ್ಣು ಮಾಡುವ ಮನೆತನಗಳಲ್ಲಿ ಉದ್ದನೆಯ ದಿಬ್ಬ. ಮುಸಲ್ಮಾನರ ಗೋರಿಗಳು ಉತ್ತರ ದಕ್ಷಿಣವಾಗಿರುತ್ತವೆ, ಮುಖ ಪಶ್ಚಿಮಕ್ಕೆ. ಹೀಗೆ ಆಕಾರ ಮತ್ತು ದಿಕ್ಕು ನೋಡಿಯೇ ಅರ್ಧ ವಿಷಯ ಹೇಳಬಹುದು. ಉಳಿದ ಅರ್ಧ, ಅಂದರೆ ಒಳಗಿರುವವರು ಯಾರು ಎಂಬುದು, ಹೇಳುವವರಿಲ್ಲದಿದ್ದರೆ ಮುಗಿಯಿತು.

ಸರ್ಕಾರದ ಯಾವ ಕಾಗದದಲ್ಲೂ ಇವಿಲ್ಲ. ಪಹಣಿ ತೆಗೆದು ನೋಡಿ. ಒಟ್ಟು ವಿಸ್ತೀರ್ಣ ಇದೆ, ಖರಾಬು ಇದೆ, ಕಂದಾಯ ಇದೆ, ಬೆಳೆ ಇದೆ, ಬೆಳೆಗೆ ನೀರಿನ ಮೂಲ ಕೂಡ ಇದೆ. ಊರೊಟ್ಟಿನ ಸ್ಮಶಾನವಾದರೆ ಬಿ ಖರಾಬಿನಲ್ಲಿ ಸೇರಿರುತ್ತದೆ. ಆದರೆ ಹಿಡುವಳಿ ಜಮೀನಿನೊಳಗೆ ಮೂರು ತಲೆಮಾರಿನವರು ಮಲಗಿದ್ದಾರೆಂದು ಹೇಳುವ ಕಲಮು ಪಹಣಿಯಲ್ಲಿ ಇಲ್ಲ. ಕಂದಾಯ ಇಲಾಖೆಯ ಕಣ್ಣಿಗೆ ಅದು ಎರಡು ಗುಂಟೆ ಖುಷ್ಕಿ. ಜನನ ಮರಣ ನೋಂದಣಿಗೆ ಇಡೀ ದೇಶಕ್ಕೆ ಒಂದೇ ಕಾನೂನು ಬಂದದ್ದು 1969ರಲ್ಲಿ. ಅದಕ್ಕೂ ಹಿಂದೆ ಹಳ್ಳಿಯ ಸಾವುಗಳನ್ನು ಪಟೇಲರು ಬರೆದಿಡುತ್ತಿದ್ದರು. ಪಟೇಲ ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾದ ಮೇಲೆ ಎಷ್ಟೋ ಮನೆಗಳ ಅಟ್ಟದಲ್ಲಿದ್ದ ಕಡತ ಗೆದ್ದಲಿಗೆ ಹೋಯಿತು. ಒಂದು ವೇಳೆ ಅದು ಉಳಿದಿದ್ದರೂ ಅದರಲ್ಲಿ ಸತ್ತವರ ಹೆಸರು ಸಿಕ್ಕೀತೇ ಹೊರತು ಎಲ್ಲಿ ಮಣ್ಣು ಮಾಡಿದರೆಂದು ಸಿಗದು.

ಇಷ್ಟು ಕಾಲ ಈ ಜಾಗಗಳು ಉಳಿದದ್ದು ಕಾಗದದ ಬಲದಿಂದಲ್ಲ. ಉಳುವವನು ಅದೇ ಮನೆಯವನಾಗಿದ್ದ, ನೇಗಿಲು ಅಲ್ಲಿಗೆ ಬಂದಾಗ ಎತ್ತು ತಿರುಗಿಸುತ್ತಿದ್ದ. ಈಗ ಹೊಲ ಉಳುವುದು ಬಾಡಿಗೆ ಟ್ರ್ಯಾಕ್ಟರು. ಅದನ್ನು ಓಡಿಸುವವನು ಪಕ್ಕದ ತಾಲ್ಲೂಕಿನ ಹುಡುಗ. ಅಣ್ಣತಮ್ಮಂದಿರು ಪಾಲಾಗುವಾಗ ಸಮಾಧಿ ಯಾರ ಪಾಲಿಗೆ ಬಂತೋ ಅವರು ಮಾರಿದರೆ ಉಳಿದವರಿಗೆ ಸುದ್ದಿ ತಿಳಿಯುವುದು ಬೇಲಿ ಬಿದ್ದ ಮೇಲೆ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಬೆಂಗಳೂರಿನ ಸುತ್ತ ಅದರ ಪರಿಣಾಮ ಏನೆಂದು ನಾನು ಹೇಳಬೇಕಾಗಿಲ್ಲ. ಕೊಂಡವರು ಮೊದಲು ಕರೆಸುವುದು ಜೆಸಿಬಿಯನ್ನು. ಅವರನ್ನು ಬೈಯುವುದೂ ಪೂರ್ತಿ ನ್ಯಾಯವಲ್ಲ. ಕ್ರಯಪತ್ರದಲ್ಲಿ ಸಮಾಧಿ ಇದೆಯೆಂದು ಯಾರೂ ಬರೆಸಿರುವುದಿಲ್ಲ, ಬರೆಸಿದರೆ ರೇಟು ಇಳಿಯುತ್ತದಲ್ಲ! ಉತ್ತರ ಕರ್ನಾಟಕದಲ್ಲಿ ಕತೆ ಬೇರೆ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ಭಾಗಗಳೂ ಸುತ್ತಲ ಹಳ್ಳಿಗಳೂ ಮುಳುಗಿದವು. ಮನೆಗೆ, ಮರಕ್ಕೆ, ಬಾವಿಗೆ ಬೆಲೆ ಕಟ್ಟಿದರು. ಹೊಲದಲ್ಲಿದ್ದ ಹಿರಿಯರು ನೀರಿನ ಕೆಳಗೆ ಉಳಿದರು.

ಸತ್ತವರ ಕಲ್ಲುಗಳನ್ನು ಪಟ್ಟಿ ಮಾಡುವುದು ನಮಗೆ ಹೊಸ ವಿದ್ಯೆಯಲ್ಲ. ಬಿ. ಎಲ್. ರೈಸ್ ಅವರು 1886ರಿಂದ 1904ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳಿವೆ. ಅವುಗಳಲ್ಲಿ ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಲ್ಲುಗಳು ಎಷ್ಟೋ. ನಮ್ಮ ತುಮಕೂರು ಸಂಪುಟ ಕೊನೆಯದು. ಅತ್ತ ಮದ್ರಾಸಿನಲ್ಲಿ ಜೆ. ಜೆ. ಕಾಟನ್ ಎಂಬ ಅಧಿಕಾರಿ ಮದ್ರಾಸ್ ಪ್ರಾಂತ್ಯದ ಸಮಾಧಿ ಬರಹಗಳ ಪಟ್ಟಿಯನ್ನು 1905ರಲ್ಲಿ ಪ್ರಕಟಿಸಿದ. ಇಲ್ಲಿ ಬಂದು ಸತ್ತ ಯುರೋಪಿಯನ್ನರ ಸಮಾಧಿಗಳನ್ನು ಹುಡುಕಿ ದಾಖಲಿಸಲು 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ಒಂದು ಸಂಘವೇ ಹುಟ್ಟಿತು, ಇಂದಿಗೂ ನಡೆಯುತ್ತಿದೆ. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಮಲಗಿರುವ ಡಿ ಮ್ಯೂರಾನ್ ರೆಜಿಮೆಂಟಿನ ಸ್ವಿಸ್ ಸೈನಿಕರ ಹೆಸರು ಬೇಕೆಂದರೆ ನಿಮಗೆ ಸಿಗುತ್ತದೆ. ಅದೇ ಶ್ರೀರಂಗಪಟ್ಟಣದ ಕಬ್ಬಿನ ಗದ್ದೆಯಂಚಿನಲ್ಲಿ ಮಲಗಿರುವ ರೈತನ ಹೆಸರು ಸಿಗುವುದಿಲ್ಲ. ಇದನ್ನು ಬಿಳಿಯರ ಮೇಲಿನ ದೂರಾಗಿ ಹೇಳುತ್ತಿಲ್ಲ. ಅವರ ಮನೆಯವರು ಕೇಳಿದರು, ಬರೆದರು. ನಾವು ಕೇಳಲಿಲ್ಲ.

ಇನ್ನೂ ಒಂದು ಕಲ್ಲಿನ ಮಾತು ಹೇಳಲೇಬೇಕು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949ರ ಹೊತ್ತಿನ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನೆಂಬ ವೀರ ತನ್ನ ಒಡೆಯನಿಂದ ಬಹುಮಾನವಾಗಿ ಕೇಳಿಕೊಂಡದ್ದು ಊರನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಅದಕ್ಕೊಂದು ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟರು. ಸಾವಿರದ ಎಪ್ಪತ್ತು ವರ್ಷ ಕಳೆದ ಮೇಲೂ ಆ ನಾಯಿಯ ಹೆಸರು ನಮಗೆ ಗೊತ್ತು. ಈ ಸಭೆಯಲ್ಲಿ ಕೂತವರಲ್ಲಿ ತಮ್ಮ ಮುತ್ತಜ್ಜಿಯ ಹೆಸರು ಗೊತ್ತಿರುವವರು ಕೈ ಎತ್ತಿ ಎಂದು ಕೇಳುವ ಧೈರ್ಯ ನನಗಿಲ್ಲ. ಕಾಳಿಯ ಮೇಲೆ ಹೊಟ್ಟೆಕಿಚ್ಚು ಬೇಡ. ಬರೆದದ್ದು ಉಳಿಯುತ್ತದೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮನೆತನದ ಸಮಾಧಿಗಳನ್ನು ದಾಖಲಿಸಬೇಕೆಂದು ಉತ್ಸಾಹ ಬಂದವರು ಮಾಡುವ ಮೊದಲ ಕೆಲಸ ಬರಹ ಇರುವ ಕಲ್ಲುಗಳ ಫೋಟೋ ತೆಗೆಯುವುದು. ನನ್ನ ಪ್ರಕಾರ ಅದು ಕೊನೆಗೆ ಮಾಡಬೇಕಾದ ಕೆಲಸ. ಗ್ರಾನೈಟಿನ ಮೇಲೆ ಕೊರೆದ ಹೆಸರು ಇನ್ನೂ ನೂರು ವರ್ಷ ಅಲ್ಲೇ ಇರುತ್ತದೆ. ಹೆಸರಿಲ್ಲದ ಕಾಡುಕಲ್ಲಿನ ಕೆಳಗೆ ಯಾರಿದ್ದಾರೆ ಎಂಬುದು ಎಂಬತ್ತು ದಾಟಿದ ಒಬ್ಬರೋ ಇಬ್ಬರೋ ಬಲ್ಲ ವಿಷಯ, ಅವರಿಗೂ ಈ ಚಳಿಗಾಲದಲ್ಲಿ ಕೆಮ್ಮು ಹೆಚ್ಚಾಗಿದೆ. ಬರಹವಿರುವ ಕಲ್ಲುಗಳನ್ನಷ್ಟೇ ಪಟ್ಟಿ ಮಾಡಿದರೆ ಅದು ಮನೆತನದ ದಾಖಲೆ ಆಗುವುದಿಲ್ಲ, ಕಲ್ಲು ಕೆತ್ತಿಸುವಷ್ಟು ದುಡ್ಡಿದ್ದ ಗಂಡಸರ ದಾಖಲೆ ಆಗುತ್ತದೆ.

ನಮ್ಮ ಮನೆಯದ್ದನ್ನೇ ಹೇಳುತ್ತೇನೆ. ಬರಹವಿರುವ ಕಲ್ಲುಗಳೆಲ್ಲ ಸಿಮೆಂಟು ಹಳ್ಳಿಗೆ ಬಂದ ಮೇಲಿನವು. ಹಸಿ ಸಿಮೆಂಟಿನ ಮೇಲೆ ಕಡ್ಡಿಯಿಂದ ಗೀಚಿದ ಹೆಸರುಗಳು ಮೊದಲ ತಲೆಮಾರು, ಮೊಸಾಯಿಕ್ ಮತ್ತು ಮಾರ್ಬಲ್ ಎರಡನೆಯದು, ಫೋಟೋ ಕೊರೆದ ಕರಿ ಗ್ರಾನೈಟು ಈಗಿನದು. ಅದಕ್ಕೂ ಹಿಂದಿನವರಿಗೆ ನೆಟ್ಟಿರುವುದು ಹೊಲದಲ್ಲಿ ಸಿಕ್ಕ ಕಲ್ಲು. ನಮ್ಮ ದೊಡ್ಡಮ್ಮನನ್ನು ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋದಾಗ ಅವರು ಒಂದೊಂದು ಕಲ್ಲನ್ನೂ ಊರುಗೋಲಿನಿಂದ ಮುಟ್ಟುತ್ತ ಹೇಳುತ್ತ ಹೋದರು. "ಇದು ನಮ್ಮತ್ತೆ. ಪಕ್ಕದ್ದು ಅವ್ರ ಸವತಿ, ಬದುಕಿದ್ದಾಗ ಮಾತಾಡ್ತಿರ್ಲಿಲ್ಲ, ಈಗ ನೋಡು ಒತ್ಕಂಡು ಮಲಗವ್ರೆ. ಆ ಕಣಗಿಲೆ ಬುಡದಾಗೆ ಇರೋದು ಹೆಸರಿಡಾಕೆ ಮುಂಚೇನೆ ಹೋದ ಕೂಸು. ಅದಕ್ಕೆ ಕಲ್ಲು ಎಲ್ಲಿಂದ ಬರ್ಬೇಕು ಕಣಪ್ಪ?" ಅಪ್ಪನಿಗಾಗಲೀ ಚಿಕ್ಕಪ್ಪಂದಿರಿಗಾಗಲೀ ಇದರಲ್ಲಿ ಅರ್ಧವೂ ಗೊತ್ತಿರಲಿಲ್ಲ. ಆ ಜಾಗ ಗುಡಿಸಿದವರು, ಎಡೆ ಹೊತ್ತವರು, ದೀಪ ಹಚ್ಚಿದವರು ಸೊಸೆಯರು. ಹಾಗಾಗಿ ಬೇರೆ ಊರಿನಿಂದ ಬಂದ ಹೆಣ್ಣುಮಕ್ಕಳಿಗೆ ಈ ಮನೆಯ ಸತ್ತವರ ಲೆಕ್ಕ ಮನೆಯ ಗಂಡುಮಕ್ಕಳಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕೇಳಬೇಕಾದದ್ದು ಅವರನ್ನು. ಸಾಮಾನ್ಯವಾಗಿ ನಾವು ಕೇಳುವುದು ಜಗಲಿಯ ಮೇಲೆ ಕೂತ ಯಜಮಾನರನ್ನು.

ಕಲ್ಲಿನ ಮೇಲೆ ಬರಹವಿದ್ದ ಕಡೆಯೂ ಹೆಂಗಸರ ಪಾಲಿಗೆ ಸಿಗುವುದು ಇಂಥವರ ಧರ್ಮಪತ್ನಿ ಎಂಬ ಅರ್ಧ ಸಾಲು. ಹಳೆಯ ಕಾಲದಲ್ಲಿ ಹೆಣ್ಣಿಗೆಂದೇ ನಿಲ್ಲಿಸಿದ ಕಲ್ಲುಗಳಲ್ಲಿ ನಾವು ಹೆಚ್ಚಾಗಿ ಕಾಣುವುದು ಮಾಸ್ತಿಕಲ್ಲುಗಳನ್ನು: ಬಳೆ ತೊಟ್ಟ ಕೈಯೊಂದು ಮೊಣಕೈಯಲ್ಲಿ ಮಡಚಿ ಮೇಲೆದ್ದಿರುತ್ತದೆ. ಗಂಡನ ಜೊತೆ ಸತ್ತದ್ದಕ್ಕೆ ಸಿಕ್ಕ ಕಲ್ಲು ಅದು. ಹತ್ತು ಹೆತ್ತು, ಬರಗಾಲದಲ್ಲಿ ಮನೆ ನಡೆಸಿ, ಎಪ್ಪತ್ತಕ್ಕೆ ತೀರಿಹೋದವಳಿಗೆ ಯಾರೂ ಕಲ್ಲು ಕೊಟ್ಟಿಲ್ಲ. ಆದ್ದರಿಂದ ನಮ್ಮ ನೋಟ್‌ಬುಕ್ಕಿನಲ್ಲಿ ಪ್ರತಿ ಹೆಂಗಸಿನ ಹೆಸರಿನ ಮುಂದೆ ತವರೂರಿನ ಹೆಸರು ಬರೆಯಲೇಬೇಕು. ಅದರಿಂದ ಒಂದು ಉಪಯೋಗವೂ ಇದೆ. ಇಲ್ಲಿ ಸೊಸೆಯಾಗಿ ಮಲಗಿದವಳು ಇನ್ನೊಂದು ಊರಿನಲ್ಲಿ ಯಾರದೋ ಮಗಳು, ಯಾರದೋ ತಂಗಿ. ಎರಡು ಮನೆಗಳ ನೋಟ್‌ಬುಕ್ಕು ಒಂದು ದಿನ ಪಕ್ಕ ಪಕ್ಕ ಬಂದರೆ ಕೊಂಡಿ ಬೀಳುವುದು ಅವಳ ಹೆಸರಿನಲ್ಲೇ.

ಬದುವಿನ ಆಚೆಗೂ ಸ್ವಲ್ಪ ನೋಡಬೇಕು. ಕೆಲವು ದೊಡ್ಡ ಮನೆಗಳ ಜಮೀನಿನ ಅಂಚಿನಲ್ಲಿ, ಮನೆಯವರ ಸಮಾಧಿಗಳಿಂದ ಅಷ್ಟು ದೂರದಲ್ಲಿ, ಒಂದೆರಡು ದಿಬ್ಬ ಇರುತ್ತವೆ. ಕೇಳಿದರೆ "ಅದು ನಮ್ಮಾಳು" ಎನ್ನುತ್ತಾರೆ. ಜೀತ ಪದ್ಧತಿಯನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಅದಕ್ಕೆ ಮುಂಚೆ ಜೀವಮಾನವೆಲ್ಲ ಆ ಮನೆಯಲ್ಲೇ ದುಡಿದು ಅಲ್ಲೇ ಮಣ್ಣಾದವರು ಇವರು. ಅವರನ್ನು ಪಟ್ಟಿಯಲ್ಲಿ ಸೇರಿಸಬೇಕೋ ಬೇಡವೋ ಎಂದು ಮನೆಯವರೇ ತಮ್ಮತಮ್ಮಲ್ಲಿ ವಾದ ಮಾಡುವುದನ್ನು ಕಂಡಿದ್ದೇನೆ. ಸೇರಿಸಬೇಕು, ಅವರ ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದಾರೆಂದು ಹುಡುಕಿ, ಕೇಳಿ, ಅವರು ಹೇಳಿದ ಹೆಸರನ್ನೇ ಬರೆಯಬೇಕು. ಸ್ವಂತ ಹೊಲದಲ್ಲಿ ಮಣ್ಣಾಗುವುದು ಹೊಲ ಇದ್ದವರ ಭಾಗ್ಯ ಎಂಬುದನ್ನೂ ಮರೆಯಬಾರದು. ಸ್ಮಶಾನಕ್ಕೇ ಜಾಗವಿಲ್ಲದ ಹಳ್ಳಿಗಳಿಗೆ ಜಾಗ ಒದಗಿಸಿ ಎಂದು ರಾಜ್ಯದ ಹೈಕೋರ್ಟು 2019ರಲ್ಲಿ ಸರ್ಕಾರಕ್ಕೆ ಹೇಳಬೇಕಾಗಿ ಬಂತು.

ಹೋಗುವುದು ಯಾವಾಗ? ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ, ಮಾಘ ಫಾಲ್ಗುಣದ ಹೊತ್ತಿಗೆ. ಗಿಡಗಂಟಿ ಒಣಗಿರುತ್ತದೆ, ಮುಚ್ಚಿಹೋದ ಕಲ್ಲು ಕಾಣುತ್ತದೆ. ಹಾವಿನ ಭಯ ಆಗಲೂ ಇದ್ದದ್ದೇ, ಕೋಲು ಹಿಡಿದಿರಿ. ಇನ್ನೊಮ್ಮೆ ಹಿರಿಯರ ಹಬ್ಬಕ್ಕೆ ಹೋಗಿ, ಆಗ ಕೈಯಲ್ಲಿ ನೋಟ್‌ಬುಕ್ಕು ಬೇಡ. ಕೆಲವು ಮನೆತನಗಳಲ್ಲಿ ಆ ದಿನ ಸಮಾಧಿಗೂ ಹೋಗಿ ಎಡೆ ಇಡುತ್ತಾರೆ. ಮೊದಲು ಯಾವ ಕಲ್ಲಿಗೆ, ಆಮೇಲೆ ಯಾವುದಕ್ಕೆ, ಯಾವುದಕ್ಕೆ ಬರೀ ನೀರು ಬಿಟ್ಟು ಮುಂದೆ ಹೋಗುತ್ತಾರೆ, ಯಾವುದಕ್ಕೆ ಬೀಡಿಯನ್ನೂ ಇಡುತ್ತಾರೆ, ಸುಮ್ಮನೆ ನಿಂತು ನೋಡಿ. ಬಾಯಲ್ಲಿ ಹೇಳಲು ಮರೆತ ಹಿರಿ ಕಿರಿ ಕ್ರಮವೆಲ್ಲ ಆ ಕೈಗಳಿಗೆ ನೆನಪಿರುತ್ತದೆ.

ಬರಹ ಓದುವ ವಿಷಯಕ್ಕೆ ಬಂದರೆ, ನಮ್ಮ ಸಮಾಧಿಗಳಿಗೆ ದೊಡ್ಡ ತೊಂದರೆ ಮಳೆಯಿಂದಲ್ಲ, ಭಕ್ತಿಯಿಂದ. ಪ್ರತಿ ಹಬ್ಬಕ್ಕೂ ಸುಣ್ಣ ಬಳಿಯುತ್ತೇವೆ, ಎಣ್ಣೆ ಹಚ್ಚುತ್ತೇವೆ, ಅರಿಸಿನ ಕುಂಕುಮ ಮೆತ್ತುತ್ತೇವೆ. ಅಕ್ಷರದ ಗುಣಿಗಳೆಲ್ಲ ತುಂಬಿಹೋಗುತ್ತವೆ. ಅದನ್ನು ಚಾಕುವಿನಿಂದ ಕೆರೆಯುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು, ಆ್ಯಸಿಡ್ ಸುರಿಯುವುದು, ಇವು ಮೂರೂ ಅಪರಾಧವೆಂದೇ ತಿಳಿಯಿರಿ. ಸುಣ್ಣದ ಜೊತೆ ಕಲ್ಲಿನ ಮೈಯೂ ಎದ್ದುಬರುತ್ತದೆ. ಅಕ್ಷರದೊಳಗೆ ಸೀಮೆಸುಣ್ಣ ತುಂಬಿ ಫೋಟೋ ತೆಗೆಯುವ ಚಾಳಿಯೂ ಬೇಡ. ಹಾಗೆ ತುಂಬುವಾಗ ನಾವು ಊಹಿಸಿದ ಅಕ್ಷರವೇ ಕಲ್ಲಿನ ಮೇಲೆ ಮೂಡುತ್ತದೆ, ಮುಂದೆ ಬಂದವರು ಅದನ್ನೇ ನಿಜವೆಂದು ಓದುತ್ತಾರೆ. ಮೆತ್ತನೆಯ ಬ್ರಷ್ಷು, ಬರೀ ನೀರು ಸಾಕು. ಆಮೇಲೆ ಬೆಳಕನ್ನು ಅಡ್ಡಲಾಗಿ ಬೀಳಿಸಬೇಕು. ಬೆಳಗಿನ ಎಳೆ ಬಿಸಿಲು ಅಥವಾ ಸಂಜೆ ಬಿಸಿಲು ಕಲ್ಲಿನ ಮೈ ಸವರಿಕೊಂಡು ಹೋಗುವಾಗ ಮಧ್ಯಾಹ್ನ ಕಾಣದ ಅಕ್ಷರಗಳೂ ನೆರಳು ಚೆಲ್ಲಿ ಎದ್ದು ನಿಲ್ಲುತ್ತವೆ. ಬಿಸಿಲು ಸರಿಯಾದ ಕಡೆಯಿಂದ ಬರದಿದ್ದರೆ ಮನೆಯಿಂದ ಒಂದು ಕನ್ನಡಿ ತಂದು ಅದನ್ನು ತಿರುಗಿಸಿಕೊಳ್ಳಿ. ಕತ್ತಲಾದ ಮೇಲೆ ಮೊಬೈಲಿನ ಟಾರ್ಚು ಪಕ್ಕದಲ್ಲಿ ಹಿಡಿದರೂ ಆದೀತು, ಸಮಾಧಿ ಹತ್ತಿರ ಕತ್ತಲಲ್ಲಿ ನಿಲ್ಲಲು ಜೊತೆಗಾರರು ಸಿಕ್ಕರೆ. ಶಾಸನತಜ್ಞರು ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ; ಅದು ಪಳಗಿದ ಕೈಯ ಕೆಲಸ, ನಮ್ಮ ಮೆದು ಸಿಮೆಂಟಿನ ಕಟ್ಟೆಗಳ ಮೇಲೆ ಪ್ರಯೋಗ ಬೇಡ.

ಕಾಲ ತಿಳಿಯುವುದು ಇನ್ನೂ ಸ್ವಾರಸ್ಯದ ಕೆಲಸ. ಹಳೆಯ ಕಲ್ಲುಗಳಲ್ಲಿ, ಹಳಬರ ಬಾಯಲ್ಲಿ ಇಸವಿ ಇರುವುದಿಲ್ಲ, ಸಂವತ್ಸರದ ಹೆಸರಿರುತ್ತದೆ. ಅರವತ್ತು ವರ್ಷಕ್ಕೆ ಅದೇ ಹೆಸರು ಮತ್ತೆ ಬರುವುದರಿಂದ ವಿಳಂಬಿ ಎಂದರೆ 1898ನೇ ಇಸವಿ ಆಗಬಹುದು, 1958 ಆಗಬಹುದು, 2018 ಕೂಡ ಆಗಬಹುದು. ಯಾವುದೆಂದು ತೀರ್ಮಾನಿಸಲು ಕಲ್ಲಿನ ಆಕಾರ, ಪಕ್ಕದ ಸಮಾಧಿಗಳು, ಮನೆಯ ಪೀಳಿಗೆ ಎಲ್ಲ ನೋಡಬೇಕು. ಸಂವತ್ಸರ ಯುಗಾದಿಗೆ ಬದಲಾಗುತ್ತದೆ, ಜನವರಿಗಲ್ಲ. ಹಾಗಾಗಿ 1898ರ ವಿಳಂಬಿಯ ಮಾಘಮಾಸ ಬಿದ್ದದ್ದು 1899ರ ಫೆಬ್ರವರಿ ಸುಮಾರಿಗೆ. ಶಕವರ್ಷವಿದ್ದರೆ 78 ಕೂಡಿಸಿ, ಯುಗಾದಿಗೆ ಮುಂಚಿನ ತಿಂಗಳುಗಳಾದರೆ 79. ಕಲಬುರಗಿ, ಬೀದರ್, ರಾಯಚೂರಿನ ಕಡೆ ನಿಜಾಮರ ಕಾಲದ ಕಾಗದಗಳಲ್ಲಿ ಫಸಲಿ ಇರುತ್ತದೆ, ಅದಕ್ಕೆ 590 ಕೂಡಿಸಿದರೆ ಹತ್ತಿರದ ಇಸವಿ. ಗೋರಿಗಳ ಹಿಜರಿಗೆ ಮಾತ್ರ ಇಂಥ ಸುಲಭ ಸೂತ್ರವಿಲ್ಲ. ಹಿಜರಿ ವರ್ಷಕ್ಕೆ 354 ದಿನ, ಪಟ್ಟಿ ಇಟ್ಟುಕೊಂಡೇ ನೋಡಬೇಕು.

ಈ ಲೆಕ್ಕ ಒಮ್ಮೆ ಕೈಗೆ ಹತ್ತಿದರೆ ನಿಮ್ಮ ಹೊಲದ ಮೂಲೆ ದೊಡ್ಡ ಚರಿತ್ರೆಗೆ ಸೇರಿಕೊಳ್ಳುತ್ತದೆ. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳ ಹೆಸರು ಜೋಡಿಯಾಗಿ ಕಿವಿಗೆ ಬಿದ್ದರೆ ಅದು 1876, 77. ಧಾತು ಈಶ್ವರದ ಬರ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಆ ಕ್ಷಾಮಕ್ಕೆ ಮುಂಚೆ, 1871ರಲ್ಲಿ, ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರ ಜನಗಣತಿಯಲ್ಲಿ ಅದು 42 ಲಕ್ಷದ ಹತ್ತಿರಕ್ಕೆ ಇಳಿಯಿತು. ನಿಮ್ಮ ಹೊಲದಲ್ಲಿ ಒಂದರ ಪಕ್ಕ ಒಂದು, ಅವಸರದಲ್ಲಿ ತೋಡಿದ ಹಾಗೆ ಇರುವ ಕಲ್ಲಿಲ್ಲದ ದಿಬ್ಬಗಳು ಆ ಲೆಕ್ಕದಲ್ಲಿ ಸೇರಿದವರದ್ದೇ ಇರಬಹುದು. ವಿಳಂಬಿ 1898ರದ್ದಾದರೆ, ಆ ವರ್ಷ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಿತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಕಾಲ ಅದು, ಹಾಗಾಗಿ ಅಂದು ಸತ್ತವರು ಎಂದಿನ ಜಾಗದಲ್ಲಿ ಇಲ್ಲದೆ ಗುಡಿಸಲು ಹಾಕಿದ್ದ ಕಡೆ ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ. ಕಾಳಯುಕ್ತಿ 1918ರದ್ದಾದರೆ ಇನ್‌ಫ್ಲುಯೆಂಜಾ. ಅದರ ಹೊಡೆತ ಜೋರಾಗಿದ್ದದ್ದು ನವರಾತ್ರಿ, ದೀಪಾವಳಿಯ ಆಸುಪಾಸಿನಲ್ಲಿ. ಒಂದೇ ಮನೆಯಲ್ಲಿ ಕಾಳಯುಕ್ತಿಯ ಆಶ್ವೀಜ ಕಾರ್ತೀಕದ ಎರಡು ಮೂರು ಸಾವು, ಅದೂ ಹರೆಯದವರದು, ಕಂಡರೆ ಕಾರಣ ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿಲ್ಲ.

ಇದನ್ನೆಲ್ಲ ತಾಳೆ ನೋಡಲು ಉತ್ತರ ಕರ್ನಾಟಕದವರಿಗೆ ನಮಗಿಲ್ಲದ ಒಂದು ಅನುಕೂಲವಿದೆ. ಹೆಳವರು ಅಲ್ಲಿ ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಪುಸ್ತಕದಲ್ಲಿ ಬರೆದಿಟ್ಟುಕೊಂಡು ಬಂದಿದ್ದಾರೆ. ಕೆಲವು ವರ್ಷಗಳಿಗೊಮ್ಮೆ ಎತ್ತಿನೊಂದಿಗೆ ಮನೆ ಬಾಗಿಲಿಗೆ ಬಂದು, ಹಿರಿಯರ ಹೆಸರುಗಳನ್ನು ಒಂದೇ ಉಸಿರಿಗೆ ಹಾಡಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳು ಕಾಣಿಕೆ ಪಡೆದು ಹೋಗುತ್ತಿದ್ದರು. ಈಗ ಎತ್ತಿನ ಜಾಗದಲ್ಲಿ ಮೋಟರ್ ಬೈಕು ಬಂದಿದೆ, ಎಷ್ಟೋ ಮನೆಗಳು ಬಾಗಿಲು ತೆರೆಯುವುದಿಲ್ಲ. ನಿಮ್ಮ ಬಾಗಿಲಿಗೆ ಬಂದರೆ ದಯವಿಟ್ಟು ಕೂರಿಸಿ, ಕೇಳಿ, ರೆಕಾರ್ಡ್ ಮಾಡಿಕೊಳ್ಳಿ, ಕೈತುಂಬ ಕೊಟ್ಟು ಕಳಿಸಿ. ನಮ್ಮ ಕಡೆ ಇರುವುದು ಪೌತಿ ಖಾತೆಗೆಂದು ಮಾಡಿಸುವ ವಂಶವೃಕ್ಷ. ಅದು ಜಮೀನು ಯಾರಿಗೆ ಹೋಗಬೇಕೆಂದು ತೋರಿಸುವ ಕಾಗದ. ಮದುವೆಯಾಗದೆ ಸತ್ತ ಅತ್ತೆ, ಎಳೆಯದರಲ್ಲೇ ಹೋದ ಮಗು ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದದ್ದು 1994ರ ತಿದ್ದುಪಡಿಯಿಂದ. ಅದಕ್ಕೂ ಹಿಂದಿನ ಕಾಗದಗಳಲ್ಲಿ ಅವರನ್ನು ಹುಡುಕುವವರಿಗೆ ತಾಳ್ಮೆ ಬೇಕು.

ನಕ್ಷೆಯ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಶಾಲೆಯ ಮಕ್ಕಳು ಇದನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಮೊಬೈಲು ತೋರಿಸುವ ಜಾಗ ಕೆಲವು ಮೀಟರ್ ಅತ್ತಿತ್ತ ಆಗುತ್ತದೆ, ಸಮಾಧಿಗಳೋ ಒಂದಕ್ಕೊಂದು ಮೂರು ಅಡಿ ದೂರದಲ್ಲಿರುತ್ತವೆ. ಹಾಗಾಗಿ ಟೇಪು ಹಿಡಿಯಲೇಬೇಕು. ಅಲುಗದ ಎರಡು ಗುರುತು ಹಿಡಿದುಕೊಳ್ಳಿ, ಬಾಂದುಕಲ್ಲು ಮತ್ತು ಬಾವಿಕಟ್ಟೆ ಎಂದಿಟ್ಟುಕೊಳ್ಳೋಣ. ಪ್ರತಿ ಸಮಾಧಿಗೂ ಎರಡೂ ಕಡೆಯಿಂದ ಅಳತೆ ಬರೆದರೆ, ನಾಳೆ ಕಲ್ಲೇ ಎದ್ದುಹೋದರೂ ಜಾಗ ಮತ್ತೆ ಹಿಡಿಯಬಹುದು. ಮರವನ್ನು ಗುರುತಾಗಿ ನಂಬಬೇಡಿ, ಆದರೆ ಮರಗಳನ್ನು ಬರೆದುಕೊಳ್ಳಿ. ಒಂಟಿ ದೇವಕಣಗಿಲೆಯೋ ಬಿಲ್ವವೋ ಇದ್ದರೆ ಅದನ್ನು ಯಾರೋ ಯಾರಿಗಾಗಿಯೋ ನೆಟ್ಟಿರುತ್ತಾರೆ. ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನೂ ಪ್ರತಿ ಹೆಸರಿನ ಮುಂದೆ ಬರೆಯಿರಿ. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಬರೆಯಿರಿ, ತೀರ್ಪು ಕೊಡಲು ಹೋಗಬೇಡಿ.

ಒಂದು ಎಚ್ಚರಿಕೆ. ಸಮಾಧಿ ನಮ್ಮಲ್ಲಿ ಜಮೀನಿನ ಸಾಕ್ಷಿಯೂ ಹೌದು. "ನಮ್ಮಜ್ಜ ಇಲ್ಲೇ ಇದ್ದಾನೆ, ಹೊಲ ನಮ್ಮದು" ಎಂಬ ವಾದ ಹಳ್ಳಿಯ ಪಂಚಾಯಿತಿಯಲ್ಲಿ ಎಷ್ಟು ಸಲ ಕೇಳಿಲ್ಲ! ರಾತ್ರೋರಾತ್ರಿ ಹೊಸ ದಿಬ್ಬ ಏಳಿಸಿದವರೂ ಇದ್ದಾರೆ. ಆದ್ದರಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆಯಿರಿ: ಇದು ನೆನಪಿನ ದಾಖಲೆ, ಹಕ್ಕಿನ ದಾಖಲೆ ಅಲ್ಲ. ದಾಯಾದಿಗಳ ಎಲ್ಲ ಕವಲಿನಿಂದ ಒಬ್ಬೊಬ್ಬರು ಜೊತೆಗಿದ್ದರೆ ಒಳ್ಳೆಯದು. ಈಗಿನ ಖಾತೆದಾರರು ಹೊರಗಿನವರಾಗಿದ್ದರೆ ಅವರ ಒಪ್ಪಿಗೆ ಕೇಳದೆ ಬೇಲಿ ದಾಟಬೇಡಿ. ಇನ್ನು ಮುಂದೆ ಪಾಲಾಗುವ ಮನೆಗಳು ವಿಭಾಗಪತ್ರದಲ್ಲೇ ಆ ಒಂದೆರಡು ಗುಂಟೆಯನ್ನೂ ಅಲ್ಲಿಗೆ ಹೋಗುವ ದಾರಿಯನ್ನೂ ಎಲ್ಲರಿಗೂ ಸೇರಿದ್ದೆಂದು ಬರೆಸಲಿ. ಅದಕ್ಕೆ ಖರ್ಚಾಗುವುದು ಎರಡು ಸಾಲು ಶಾಯಿ.

ಇಷ್ಟೆಲ್ಲ ಯಾರು ಮಾಡುತ್ತಾರೆ ಎಂದು ಕೇಳುವವರಿಗೆ ಕೊಡಗಿನ ಕಡೆ ಕೈ ತೋರಿಸುತ್ತೇನೆ. ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ನಿವೃತ್ತಿಯ ನಂತರದ ವರ್ಷಗಳಲ್ಲಿ ಕೊಡಗಿನ ಊರೂರು ಅಲೆದು ಐನ್‌ಮನೆಗಳನ್ನೂ ಅವುಗಳ ಕೈಮಡಗಳನ್ನೂ, ಅಂದರೆ ಮನೆತನದ ಮೂಲಮನೆಗಳನ್ನೂ ಹಿರಿಯರ ಗುಡಿಗಳನ್ನೂ, ದಾಖಲಿಸಿದರು. ಸರ್ಕಾರದ ಯೋಜನೆಗೆ ಕಾಯಲಿಲ್ಲ. ಒಂದು ಜಿಲ್ಲೆಯ ಮನೆತನಗಳನ್ನು ಇಬ್ಬರು ನೋಡಿಬರಬಹುದಾದರೆ ತಮ್ಮ ಹೊಲದ ಮೂಲೆಯನ್ನು ನೋಡಲು ಒಂದು ಮನೆಯವರಿಗೆ ಆಗದೇ?

ಕೊನೆಯದಾಗಿ ಸಂಘಟಕರಲ್ಲೂ ದತ್ತಿ ದಾನಿಗಳಲ್ಲೂ ಒಂದು ಬೇಡಿಕೆ. ಮುಂದಿನ ವರ್ಷ ನನ್ನಂಥ ಭಾಷಣಕಾರನನ್ನು ಕರೆಯಬೇಡಿ. ಆ ಬಡ್ಡಿ ಹಣದಲ್ಲಿ ಇಲ್ಲಿ ಹಿಂದಿನ ಸಾಲಿನಲ್ಲಿ ಕೂತಿರುವ ಪ್ರೌಢಶಾಲೆಯ ಮಕ್ಕಳಿಗೆ ಗಟ್ಟಿ ರಟ್ಟಿನ ನೋಟ್‌ಬುಕ್ಕು, ಅಳತೆ ಟೇಪು, ಪೆನ್ಸಿಲು ಕೊಡಿಸಿ. ಪ್ರತಿ ಮಗುವೂ ತನ್ನ ಮನೆಯ ಅತ್ಯಂತ ಹಿರಿಯ ಹೆಂಗಸನ್ನು ಕೇಳಿಕೊಂಡು ಬಂದು ಬರೆಯಲಿ. ಬರೆದದ್ದರ ಒಂದು ಪ್ರತಿ ಆ ಮನೆಯ ಪ್ರತಿ ಕವಲಿಗೆ, ಒಂದು ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಸೇರಲಿ. ಕಾಗದದ ಮೇಲೇ ಇರಲಿ, ಪೆನ್‌ಡ್ರೈವ್ ನಂಬಬೇಡಿ. ಮುಂದಿನ ವರ್ಷ ಈ ವೇದಿಕೆಯ ಮೇಲೆ ಆ ಮಕ್ಕಳು ನಿಂತು ಹೆಸರುಗಳನ್ನು ಓದಲಿ, ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ.